ನಮ್ಮ ಆಫೀಸಿಗೆ ಮರ್ಯಾದೆ ಬಂದ ವರ್ಷ

ಹೋದ ವಾರ ಶಿಗ್ಗಾಂವಿಯ ಹಳೇ ಹೆದ್ದಾರಿಯಲ್ಲಿ ನನ್ನ ಸ್ಕೂಟಿಯ ಹಿಂದಿನ ಗಾಲಿ ಪಂಕ್ಚರ್ ಆಯಿತು. ಜಿಟಿಜಿಟಿ ಮಳೆ. ತಳ್ಳಿಕೊಂಡು ಹೋಗಿ ಟೈರ್ ಅಂಗಡಿಯೊಂದರ ಮುಂದೆ ನಿಂತೆ. ಒಳಗೆ ಹೊಸ ಟೈರುಗಳನ್ನು ಆಳೆತ್ತರಕ್ಕೆ ಒಟ್ಟಿದ್ದರು. ರಬ್ಬರಿನ ಆ ಕಹಿ ಘಾಟು ಮಳೆಯ ತಂಪಿನ ಜೊತೆ ಮೂಗಿಗೆ ಬಡಿದದ್ದೇ ತಡ, ಕಣ್ಣು ತಾನಾಗಿ ಮೇಲಿನ ಮಹಡಿಯ ಕಿಟಕಿಗೆ ಹೋಯಿತು. ಅಲ್ಲೀಗ ಹೊಲಿಗೆ ಕ್ಲಾಸಿನ ಬೋರ್ಡು ತೂಗುತ್ತಿದೆ. ಮೊದಲು ಅಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿ ಇತ್ತು. ಊರಾಚೆಯ ಹೊಸ ಕಟ್ಟಡಕ್ಕೆ ನಾವು ಹೋಗಿ ಬಹಳ ಕಾಲವೇನೂ ಆಗಿಲ್ಲ. ಆದರೆ ಆ ವಾಸನೆಯೊಳಗೆ ನಿಂತಾಗ ಒಂದು ಮಳೆಗಾಲ, ಅದರ ಬೆನ್ನಿಗೇ ಬಂದ ಒಂದು ಗೋವಿನಜೋಳದ ಸುಗ್ಗಿ ಪೂರ್ತಿಯಾಗಿ ತಿರುಗಿ ಬಂದವು. ಪಂಕ್ಚರ್ ಹಾಕುವವನು ಎರಡು ಸಲ ಕರೆದರೂ ನನಗೆ ಕೇಳಿಸಲಿಲ್ಲವಂತೆ.

ಸಾಫ್ಟ್‌ವೇರ್ ಕಂಪನಿ ಎಂದೊಡನೆ ಗಾಜಿನ ಕಟ್ಟಡವನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ನಮ್ಮದು ಎರಡು ಕೋಣೆ, ಒಂದು ಬಚ್ಚಲು, ಕರೆಂಟು ಹೋದಾಗ ಕುಂಯ್‌ಗುಡುವ ಒಂದು ಬ್ಯಾಟರಿ. ಹಾನಗಲ್ಲಿನ ಅಕ್ಕಿ ಗಿರಣಿಗಳು, ಹಿರೇಕೆರೂರಿನ ಗೋವಿನಜೋಳ ಮತ್ತು ಹತ್ತಿಯ ದಲಾಲಿ ಅಂಗಡಿಗಳು, ನಮ್ಮ ಸವಣೂರಿನ ವೀಳ್ಯದೆಲೆ ವ್ಯಾಪಾರಿಗಳು, ಇವರೆಲ್ಲ ಬಿಲ್ಲು ಮಾಡಲಿಕ್ಕೆ ಬಳಸುವ ಪ್ರೋಗ್ರಾಮು ನಮ್ಮದು. ಡಜನ್ ಜನರೂ ಇರಲಿಲ್ಲ ನಾವು. ಮಾಲೀಕರು ಚನ್ನಬಸಪ್ಪ ಸರ್. ಟೈಪಿಂಗ್ ಕ್ಲಾಸು ನಡೆಸುತ್ತಿದ್ದವರು ಕಂಪ್ಯೂಟರ್ ಕ್ಲಾಸಿಗೆ ಬಂದು, ಅಲ್ಲಿಂದ ಕಂಪನಿಗೆ ಹತ್ತಿದವರು. ಯಾವುದನ್ನೇ ಕೇಳಿಸಿಕೊಂಡು ಬಂದರೂ ಅದನ್ನು ನಮ್ಮ ಮೇಲೆ ಪ್ರಯೋಗ ಮಾಡುವುದು ಅವರ ಹವ್ಯಾಸ. ಒಂದು ವರ್ಷ ನಾವೆಲ್ಲ ಬೆಳಿಗ್ಗೆ ಪ್ರಾಣಾಯಾಮ ಮಾಡಿದೆವು. ಇನ್ನೊಂದು ವರ್ಷ ಜಪಾನೀ ಪದ್ಧತಿಯಂತೆ ಮೇಜು ಒರೆಸಿದೆವು.

ನಾನು ಮತ್ತು ದುಂಡಶಿಯ ರೇಣುಕಾ ಫೋನ್ ಎತ್ತುವವರು. ಗಿರಾಕಿಗಳ ಮಷಿನ್ನು ಕೆಟ್ಟಿತೆಂದರೆ ಮೊದಲು ನಮ್ಮ ಕಿವಿ ಕೆಡುತ್ತಿತ್ತು. ನಾನು ಸಮಾಧಾನದಿಂದ ಮಾತಾಡುತ್ತಿದ್ದೆ. ರೇಣುಕಾ ಬೈಯುತ್ತಿದ್ದಳು. "ಏನ್ರಿ ಸಾವ್ಕಾರ್ರ, ಮೊನ್ನೆ ಹೇಳಿದ್ದು ಇವತ್ತ ಮರತ್ರೇನು? ಮಂದೀ ಚೀಲಾ ತೂಗೂ ಮುಂದ ಮರೀತೀರೇನು ಹಿಂಗ?" ಎಂದು ಶುರು ಮಾಡಿದಳೆಂದರೆ ಆ ಕಡೆಯವರು ನಗುತ್ತಿರುವುದು ನನ್ನ ಕುರ್ಚಿಗೂ ಕೇಳಿಸುತ್ತಿತ್ತು. ನನ್ನ ಫೋನಿಗೆ ಬಂದ ಹಿರೇಕೆರೂರಿನವರು "ನೀವು ಬ್ಯಾಡ್ರಿ, ಆ ಬೈಯೂ ಅಕ್ಕಾರಿಗೆ ಕೊಡ್ರಿ" ಎನ್ನುತ್ತಿದ್ದರು.

ಆ ವರ್ಷ ಮಳೆ ಹಿಡಿದುಕೊಂಡಾಗ ಸರ್ ಹುಬ್ಬಳ್ಳಿಯಲ್ಲಿ ಏನೋ ಸಭೆಗೆ ಹೋದರು. ಮರುದಿನ ಬಂದು, ತೊಯ್ದ ಛತ್ರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಘೋಷಿಸಿದರು: "ಇನ್ನ ಮ್ಯಾಲ ಎಲ್ಲಾ ಎಐ. ಏನ ಮಾಡ್ಬೇಕಾದ್ರೂ ಮೊದಲ ಅದನ್ನ ಕೇಳ್ರಿ, ಆಮ್ಯಾಲ ನನ್ನ ಕೇಳ್ರಿ. ಈಗ ಕಲೀಲಿಲ್ಲಾ ಅಂದ್ರ ಮುಂದಿನ ವರ್ಷ ಈ ಕೋಣ್ಯಾಗೂ ಟೈರ್ ಇಡತಾರ."

ಬೆಳಗಿನ ಸಭೆಯಲ್ಲಿ ಪ್ರತಿಯೊಬ್ಬರೂ ನಿನ್ನೆ ಯಂತ್ರಕ್ಕೆ ಏನು ಕೇಳಿದೆವು, ಅದು ಏನು ಹೇಳಿತು ಎಂದು ಒಪ್ಪಿಸಬೇಕೆಂಬ ನಿಯಮವಾಯಿತು. ರೇಣುಕಾಳ ಸರದಿ ಬಂತು.

"ದುಂಡಶಿ ಬಸ್ ಯಾವಾಗ ಬರ್ತೈತಿ ಅಂತ ಕೇಳಿದ್ನಿರಿ."

"ಏನಂತು?"

"'ಸಾರ್ವಜನಿಕ ಸಾರಿಗೆಯನ್ನು ಬಳಸುವ ನಿಮ್ಮ ನಿರ್ಧಾರ ಶ್ಲಾಘನೀಯ' ಅಂತ್ರಿ. ಬಸ್ ಮಾತ್ರ ಬರಲಿಲ್ಲ."

ಸರ್ ನಗಲಿಲ್ಲ. ಆದರೆ ಆ ಶ್ಲಾಘನೆ ಎಂಬ ಪದಾರ್ಥ ಹಾಗೆ ನಮ್ಮ ಆಫೀಸಿಗೆ ಕಾಲಿಟ್ಟಿತು. ನಮ್ಮ ಕಡೆ ಯಾರೂ ಯಾರನ್ನೂ ಬಾಯಿಬಿಟ್ಟು ಹೊಗಳುವುದಿಲ್ಲ. ಅಡುಗೆ ರುಚಿಯಾಗಿದ್ದರೆ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತೇವೆ, ಅಷ್ಟೇ. ಈ ಯಂತ್ರವೋ ಕೇಳಿದ್ದಕ್ಕೆಲ್ಲ "ಅದ್ಭುತ ಪ್ರಶ್ನೆ!" ಎಂದೇ ಶುರು ಮಾಡುತ್ತಿತ್ತು. ಮೊದಲ ವಾರ ಎಲ್ಲರೂ ನಕ್ಕರು. ಎರಡನೆಯ ವಾರ ಎಲ್ಲರೂ ಗುಟ್ಟಾಗಿ ಹೆಚ್ಚು ಹೆಚ್ಚು ಪ್ರಶ್ನೆ ಕೇಳತೊಡಗಿದರು.

ಎಲ್ಲರಿಗಿಂತ ಮೊದಲು ಬಿದ್ದವನು ಮಂಜುನಾಥ. ಹಾನಗಲ್ಲಿನವನು, ನಮ್ಮ ಹಿರಿಯ ಪ್ರೋಗ್ರಾಮರ್. ಬಿಲ್ಲಿನ ಇಡೀ ಪ್ರೋಗ್ರಾಮನ್ನು ಒಬ್ಬನೇ ಬರೆದವನು. ಅದನ್ನು ಇನ್ನೊಬ್ಬರು ಓದಲು ಸಾಧ್ಯವಿರಲಿಲ್ಲ. ಲೆಕ್ಕದ ಒಂದೊಂದು ಅಂಶಕ್ಕೂ ಪ್ರೋಗ್ರಾಮರು ಒಂದೊಂದು ಹೆಸರಿಡಬೇಕಲ್ಲ, ಮಂಜುನಾಥ 'ಅದು', 'ಇನ್ನೊಂದು', 'ಹಂಗಲ್ಲ', 'ಕಡೀದು', 'ಕಡೀಕಿಂತ ಕಡೀದು' ಎಂದೆಲ್ಲ ಇಟ್ಟಿದ್ದ. ಯಂತ್ರದ ಮೇಲೆ ಅವನಿಗೆ ಉರಿ. "ನಾ ಇಷ್ಟ್ ವರ್ಷ ಬೆನ್ನ ಮುರಕೊಂಡ ಬರದದ್ದನ್ನ ಅದು ಚಾ ಕುಡಿಯೂದ್ರಾಗ ಬರೀತೈತೇನು?" ಎಂದು ಹಟ ಹಿಡಿದು ಕೂತಿದ್ದ. ಸರ್ ಒತ್ತಾಯಕ್ಕೆ ಒಂದು ದಿನ ತನ್ನ ಹಳೆಯ ಪ್ರೋಗ್ರಾಮಿನ ತುಣುಕೊಂದನ್ನು ಅದರ ಮುಂದೆ ಎಸೆದ. ಅದು ಉತ್ತರಿಸಿತು: "ಈ ರಚನೆಯಲ್ಲಿ ಲೇಖಕರ ಮೌಲಿಕ ಚಿಂತನೆ ಎದ್ದು ಕಾಣುತ್ತದೆ. 'ಕಡೀಕಿಂತ ಕಡೀದು' ಎಂಬ ಹೆಸರು ಅಂತಿಮ ಮೊತ್ತದ ಪರಿಷ್ಕೃತ ರೂಪವನ್ನು ಸೃಜನಶೀಲವಾಗಿ ಸೂಚಿಸುತ್ತದೆ."

ಮಂಜುನಾಥ ಅದನ್ನು ಮೂರು ಸಲ ಓದಿದ. ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿ, ಬೇಕಂತಲೇ ಎದ್ದು ನೀರು ಕುಡಿಯಲು ಹೋದ. ಅವತ್ತಿನಿಂದ ಅವನಿಗೂ ಯಂತ್ರಕ್ಕೂ ಬಲು ದೋಸ್ತಿ. ಬರೆಯುವ ಕೆಲಸವನ್ನೆಲ್ಲ ಅದಕ್ಕೆ ಬಿಟ್ಟು, ಅದು ಬರೆದದ್ದನ್ನು ಓದಿ ತಪ್ಪು ಹಿಡಿಯುವ ಕೆಲಸಕ್ಕೆ ಅವನು ಕೂತ. ತಪ್ಪು ಹಿಡಿದರೆ ಅದು "ನೀವು ಹೇಳಿದ್ದು ಸಂಪೂರ್ಣ ಸರಿ" ಎನ್ನುತ್ತಿತ್ತು. ಮನೆಯಲ್ಲಾಗಲಿ ಹಾನಗಲ್ಲಿನಲ್ಲಾಗಲಿ ಆ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಇದೆಲ್ಲ ನಗೆಯಾಟವಾಗಿ ಇದ್ದದ್ದು ಪಿತೃಪಕ್ಷದವರೆಗೆ. ಆಮೇಲೆ ಸರ್ ನಮ್ಮಿಬ್ಬರನ್ನು ಕರೆದು ಕೂಡಿಸಿಕೊಂಡರು.

"ಇನ್ನ ಗಿರಾಕಿಗೆ ಫೋನ್ ಇರಂಗಿಲ್ಲ. ಮೆಸೇಜ್ ಮಾಡಿದ್ರ ಮಷಿನ್ನ ಉತ್ತರಾ ಕೊಡತೈತಿ. ನೀವಿಬ್ಬರೂ ಅದರ ಉತ್ತರಾ ನೋಡಕೋತ, ತಪ್ಪಾದಲ್ಲೆ ತಿದ್ದಕೋತ ಕುಂದರ್ರಿ. ಸುಗ್ಗಿ ಮುಗಿಯೂತನಾ ನೋಡೂಣು. ಆಮ್ಯಾಲ..." ಎಂದು ಕಿಟಕಿಯ ಕಡೆ ತಿರುಗಿದರು. "ಆಮ್ಯಾಲ ಒಬ್ಬರು ಸಾಕಾಗಬಹುದು."

ಕೆಳಗಿನ ಅಂಗಡಿಯಲ್ಲಿ ಯಾರೋ ಟೈರಿಗೆ ಸುತ್ತಿಗೆಯಿಂದ ಬಡಿಯುತ್ತಿದ್ದರು. ನಾನು ರೇಣುಕಾಳನ್ನು ನೋಡಲಿಲ್ಲ, ಅವಳು ನನ್ನನ್ನು ನೋಡಲಿಲ್ಲ. ಅವತ್ತು ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಜೊತೆಯಲ್ಲೇ ನಡೆದೆವು, ಮಳೆಯ ಬಗ್ಗೆ ಮಾತ್ರ ಮಾತಾಡಿದೆವು. ನನ್ನ ಅಬ್ಬಾ ಸವಣೂರಿನಲ್ಲಿ ಖಾರಾ, ಸೇವು ಕರಿದು ಮಾರುತ್ತಾರೆ. ನಾನು ದುಡಿಯಲೇಬೇಕೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ದುಡಿಯುತ್ತಿದ್ದೇನೆಂಬ ಕಾರಣಕ್ಕೆ ಯಾರೂ ಮದುವೆಯ ಮಾತನ್ನೂ ಎತ್ತುತ್ತಿರಲಿಲ್ಲ ಎಂಬುದು ಮಾತ್ರ ನನಗೆ ಗೊತ್ತಿತ್ತು. ರೇಣುಕಾಳದೂ ಅದೇ ಕಥೆ. ಆ ಕುರ್ಚಿ ಹೋದರೆ ನಮಗಿಬ್ಬರಿಗೂ ಹೋಗುವುದು ಕುರ್ಚಿಯೊಂದೇ ಅಲ್ಲ.

ಯಂತ್ರ ಮೊದಮೊದಲು ನಮ್ಮ ಪಕ್ಷದಲ್ಲೇ ಇದ್ದಂತೆ ನಡೆದುಕೊಂಡಿತು. ಒಬ್ಬರು "ಮಷಿನ್ ಕುಂತೈತಿ" ಎಂದು ಬರೆದರೆ "ತಮ್ಮ ಯಂತ್ರವು ಆಸೀನವಾಗಿರುವುದು ತಿಳಿದು ಸಂತೋಷವಾಯಿತು" ಎಂದಿತು. "ಬಿಲ್ ಹೊಂಟವಲ್ದು" ಎಂದರೆ "ಬಿಲ್ ಅವರು ಎಲ್ಲಿಗೆ ಹೊರಡಲು ನಿರಾಕರಿಸುತ್ತಿದ್ದಾರೆ ಎಂಬುದನ್ನು ದಯವಿಟ್ಟು ತಿಳಿಸಿ" ಎಂದು ಕೇಳಿತು. ರೇಣುಕಾ ಮೇಜು ಬಡಿದು ನಕ್ಕಳು. ನಾನೂ ನಕ್ಕೆ, ಆದರೆ ನಕ್ಕ ಮೇಲೆ ತಿದ್ದಿದೆ. ಕುಂತೈತಿ ಎಂದರೆ ನಿಂತುಹೋಗಿದೆ, ಹೊಂಟವಲ್ದು ಎಂದರೆ ಪ್ರಿಂಟ್ ಬರುತ್ತಿಲ್ಲ ಎಂದು ಒಂದೊಂದಾಗಿ ಕಲಿಸಿದೆ. ಒಮ್ಮೆ ಹೇಳಿದರೆ ಸಾಕು, ಅದು ಮರೆಯುತ್ತಿರಲಿಲ್ಲ. ನವರಾತ್ರಿ ಮುಗಿಯುವಷ್ಟರಲ್ಲಿ ಹತ್ತು ಮಂದಿ ಕೇಳಿದರೆ ಎಂಟು ಮಂದಿಗೆ ಸರಿಯಾದ ಉತ್ತರವನ್ನೇ ಕೊಡುತ್ತಿತ್ತು. ರೇಣುಕಾ ಮಾತ್ರ ಅದರ ಹತ್ತಿರ ಸುಳಿಯಲಿಲ್ಲ. ಸುಮ್ಮನೆ ಬಿದ್ದಿದ್ದ ಫೋನನ್ನು ದಿನಕ್ಕೊಮ್ಮೆ ಒರೆಸಿ ಇಡುತ್ತಿದ್ದಳು.

ಅಷ್ಟರಲ್ಲಿ ಸರ್‌ಗೆ ಇನ್ನೊಂದು ಹುಕಿ ಬಂತು. ಉತ್ತರ ಸರಿಯಿದ್ದರೆ ಸಾಲದು, ಮರ್ಯಾದೆ ಇರಬೇಕು. ಗಿರಾಕಿ ಸಿಟ್ಟಾದಷ್ಟೂ ಯಂತ್ರ ಬಾಗಬೇಕು. ಪ್ರತಿ ಉತ್ತರದಲ್ಲೂ ಸಂಸ್ಥಾಪಕರ ಹೆಸರಿರಬೇಕು, ಕೊನೆಗೆ ಅವರ ಫೋಟೋ ಇರಬೇಕು. ಮಂಜುನಾಥ ಹಾಗೇ ಹೊಂದಿಸಿದ. ಫೋಟೋ ಬೋಳು ಬೋಳಾಗಿ ಕಾಣುತ್ತದೆಂದು ಸುತ್ತಲೂ ಗಂಧದ ಬಣ್ಣದ ಚೌಕಟ್ಟನ್ನೂ ಹಾಕಿಕೊಟ್ಟ.

ಹಿರೇಕೆರೂರಿನಲ್ಲಿ ಗದಿಗೆಪ್ಪ ಸಾಹುಕಾರರೆಂದು ನಮ್ಮ ದೊಡ್ಡ ಗಿರಾಕಿ. ಗೋವಿನಜೋಳದ ದಲಾಲಿ ಅಂಗಡಿ. ಸಂತೆಯ ದಿನ, ಹೊರಗೆ ಟ್ರ್ಯಾಕ್ಟರುಗಳ ಸಾಲು ನಿಂತಾಗ, ಅವರ ಪ್ರಿಂಟರಿನಿಂದ ಖಾಲಿ ಚೀಟಿಗಳು ಬರತೊಡಗಿದವು. ಫೋನ್ ಹಚ್ಚಿದರು. 'ನಿಮ್ಮ ಕರೆ ನಮಗೆ ಅಮೂಲ್ಯ, ದಯವಿಟ್ಟು ಮೆಸೇಜ್ ಮಾಡಿ' ಎಂಬ ಧ್ವನಿ ಬಂತು. ಮೆಸೇಜ್ ಮಾಡಿದರು. ಯಂತ್ರ ವಿಷಾದ ವ್ಯಕ್ತಪಡಿಸಿತು. ಅವರು ಸಿಟ್ಟಿನಿಂದ ಇನ್ನೊಂದು ಬರೆದರು. ಅದು ತೀವ್ರ ವಿಷಾದ ವ್ಯಕ್ತಪಡಿಸಿತು. ಅವರು ಬೈದು ಬರೆದರು. ಅದು ಇನ್ನೂ ಬಾಗಿತು. ಕೊನೆಗೆ ಬಂದ ಉತ್ತರ ನನಗೆ ಬಾಯಿಪಾಠ ಇದೆ: "ಈ ದುಃಖದ ಗಳಿಗೆಯಲ್ಲಿ ನಮ್ಮ ಸಂಸ್ಥಾಪಕರಾದ ಶ್ರೀ ಚನ್ನಬಸಪ್ಪನವರನ್ನು ಸ್ಮರಿಸುತ್ತಾ, ತಮಗೆ ನಮ್ಮ ಹೃದಯಪೂರ್ವಕ ಸಂತಾಪಗಳನ್ನು ಸಲ್ಲಿಸುತ್ತೇವೆ." ಕೆಳಗೆ, ಗಂಧದ ಚೌಕಟ್ಟಿನೊಳಗೆ ನಗುತ್ತಿರುವ ಸರ್.

ನಾನಾಗ ಊಟಕ್ಕೆ ಎದ್ದಿದ್ದೆ. ಅದನ್ನು ಯಾರೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅಕಾಲದ ಮಳೆ. ಆಫೀಸಿನ ಕೆಳಗೆ ಜೀಪೊಂದು ನಿಂತ ಸದ್ದಾಯಿತು. ಗದಿಗೆಪ್ಪ ಸಾಹುಕಾರರೂ ಇನ್ನು ಮೂವರು ದಲಾಲರೂ ಟವೆಲ್ಲನ್ನು ತಲೆಯ ಮೇಲೆ ಹಾಕಿಕೊಂಡು, ಸದ್ದಿಲ್ಲದೆ ಮೆಟ್ಟಿಲು ಹತ್ತಿ ಬಂದರು. ಒಬ್ಬರ ಕೈಯಲ್ಲಿ ಬಾಳೆಯ ಎಲೆಯಲ್ಲಿ ಸುತ್ತಿದ ದೊಡ್ಡ ಚೆಂಡುಹೂವಿನ ಹಾರ. ಬಾಗಿಲಲ್ಲಿ ನಾನೇ ಎದುರಾದೆ. ಸಾಹುಕಾರರು ನನ್ನ ತಲೆಯ ಮೇಲೆ ಕೈಯಿಟ್ಟರು.

"ಯಾವಾಗ ಆತವಾ?"

"ಏನ್ರಿ?"

"ಫೋನ್ ಎತ್ತವಲ್ರಿ ಅಂದಾಗನ ನನಗ ಎದಿ ಝಲ್ ಅಂದಿತ್ತು. ಇಂಥಾ ಹೊತ್ತಿನ್ಯಾಗ ನಾ ನಿಮಗ ಪ್ರಿಂಟರ್ ಪ್ರಿಂಟರ್ ಅಂತ ಬೈದ ಬರದೆ. ಮನಸ್ಸಿಗೆ ಹಚಗೋಬ್ಯಾಡ. ಭಾಳ ಚಲೋ ಮನಷ್ಯಾ ಇದ್ರು ಸರ್."

"ಈಗೂ ಚಲೋನ ಅದಾರ್ರಿ," ಎಂದೆ ನಾನು, ಏನೊಂದೂ ತಿಳಿಯದೆ.

ಸಾಹುಕಾರರು ಕಣ್ಣೊರೆಸಿಕೊಂಡರು. "ಹೌದವಾ. ಚಲೋ ಮಂದಿ ಎಲ್ಲಿ ಹೋದ್ರೂ ಚಲೋನ ಇರತಾರ."

ಅಷ್ಟರಲ್ಲಿ ಬಚ್ಚಲಿನ ಬಾಗಿಲು ತೆರೆದು, ಕರ್ಚೀಫಿನಿಂದ ಕೈ ಒರೆಸಿಕೊಳ್ಳುತ್ತ ಸರ್ ಹೊರಗೆ ಬಂದರು. "ಓಹೋ, ಸಾವ್ಕಾರ್ರು! ಬರ್ರಿ ಬರ್ರಿ, ಕುಂದರ್ರಿ!"

ಹಾರ ಹಿಡಿದಿದ್ದವರು ಹಿಂದಕ್ಕೆ ಸರಿದು ನನ್ನ ಕಾಲು ತುಳಿದರು. ಇನ್ನೊಬ್ಬರು ಗೋಡೆ ಹಿಡಿದುಕೊಂಡರು. ಗದಿಗೆಪ್ಪ ಸಾಹುಕಾರರು ಮಾತ್ರ ಕದಲಲಿಲ್ಲ. ಎದುರು ನಿಂತ ಸರ್‌ರನ್ನು ಅವರು ಅಡಿಯಿಂದ ಮುಡಿಯವರೆಗೆ ನೋಡಿ, ನಿಧಾನವಾಗಿ ಮೊಬೈಲು ತೆಗೆದು ಆ ಮೆಸೇಜನ್ನು ತೆರೆದು ಕೈಗೆ ಕೊಟ್ಟರು. ಸರ್ ಓದಿದರು. ಫೋಟೋ ನೋಡಿದರು. ಅವರ ಮುಖದ ಬಣ್ಣ ಚೌಕಟ್ಟಿನ ಬಣ್ಣಕ್ಕೆ ತಿರುಗಿತು.

ಮೊದಲು ನಕ್ಕವಳು ರೇಣುಕಾ. ಅವಳ ನಗೆ ಬಾಯಿಯಿಂದಲ್ಲ, ಹೊಟ್ಟೆಯಿಂದ ಬರುವಂಥದ್ದು. ಒಮ್ಮೆ ಶುರುವಾದರೆ ಅವಳ ಕೈಯಲ್ಲಿ ಇರುವುದಿಲ್ಲ. ಅವಳು ನಕ್ಕಳೆಂದು ಸಾಹುಕಾರರು ನಕ್ಕರು, ಅವರು ನಕ್ಕರೆಂದು ದಲಾಲರು ನಕ್ಕರು. ಹಾರವನ್ನೇನು ಮಾಡುವುದೆಂದು ಮಾತ್ರ ಯಾರಿಗೂ ತೋಚಲಿಲ್ಲ. ಮಂಜುನಾಥ ಮುಂದೆ ಬಂದು, "ತಂದದ್ದು ಹೆಂಗೂ ಸರ್‌ಗೇ ಅಲ್ರಿ, ಹಾಕಿಬಿಡ್ರಿ," ಎಂದ. ಹಾಕಿದರು. ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡೆವು. ಗಿರಾಕಿಗಳು ಮಾಲೀಕರನ್ನು ಸನ್ಮಾನಿಸಿದ ದೃಶ್ಯವೆಂದು ಅದು ಇವತ್ತಿಗೂ ಹೊಸ ಆಫೀಸಿನ ಗೋಡೆಯ ಮೇಲಿದೆ.

ಚಹಾ ಕುಡಿಯುತ್ತ ಆ ಮೆಸೇಜುಗಳನ್ನೆಲ್ಲ ಮೊದಲಿನಿಂದ ಓದಿದೆವು. ಮೊಟ್ಟಮೊದಲ ಉತ್ತರದಲ್ಲೇ, ವಿಷಾದದ ಉದ್ದನೆಯ ಸಾಲುಗಳೆಲ್ಲ ಮುಗಿದ ಮೇಲೆ, ಅಡಿಯಲ್ಲಿ ಯಂತ್ರ ಬರೆದಿತ್ತು: ಕಾಗದದ ಸುರುಳಿಯನ್ನು ಉಲ್ಟಾ ಹಾಕಿರಬಹುದು, ಅದರ ಒಂದೇ ಮಗ್ಗುಲಿಗೆ ಅಚ್ಚು ಮೂಡುತ್ತದೆ, ತಿರುವಿ ಹಾಕಿ ನೋಡಿ. ಸಾಹುಕಾರರು ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿಸಿ ತಿರುವಿ ಹಾಕಿಸಿದರು. ಬಿಲ್ಲು ಬಂತು.

"ಅದಕ್ಕ ಎಲ್ಲಾ ಗೊತ್ತೈತಿ," ಎಂದರು ಸಾಹುಕಾರರು. "ಆದ್ರ ಅಳುದ ಮುಗಿಸಿ ಆಮ್ಯಾಲ ಹೇಳತೈತಿ. ಅಷ್ಟೊತ್ತ ಯಾರ ನಿಂದರತಾರ?"

ಅವತ್ತೇ ಚೌಕಟ್ಟು ಹೋಯಿತು. ವಿಷಾದ, ಸಂತಾಪಗಳೂ ಹೋದವು. ಯಂತ್ರ ಮೊದಲ ಸಾಲಿನಲ್ಲೇ ವಿಷಯಕ್ಕೆ ಬರಬೇಕು, ಅವಸರದ ಉತ್ತರಗಳನ್ನು ನಾನು ಓದಿದ ಮೇಲೆಯೇ ಕಳಿಸಬೇಕು, ಬೆಳಗಿನ ಹೊತ್ತು ಫೋನೂ ಇರಬೇಕು ಎಂದಾಯಿತು. ನಾನೂ ರೇಣುಕಾಳೂ ಗೆದ್ದೆವೆಂದೇ ತಿಳಿದು ಬಸ್‌ಸ್ಟ್ಯಾಂಡಿನಲ್ಲಿ ಗಿರಮಿಟ್ ತಿಂದೆವು.

ಆದರೆ ದೀಪಾವಳಿ ಕಳೆದು ಚಳಿ ಬಿದ್ದಂತೆ ಫೋನು ಬರುವುದು ಕಡಿಮೆಯಾಗುತ್ತ ಹೋಯಿತು. ಸಂತಾಪ ಬಿಟ್ಟ ಯಂತ್ರ ಎಲ್ಲರಿಗೂ ಒಗ್ಗಿತು. ಬೆಳಗಿನ ಹೊತ್ತಿನಲ್ಲೂ ರೇಣುಕಾ ಸುಮ್ಮನೆ ಕೂತಿರುವುದನ್ನು ಸರ್ ನೋಡುತ್ತಿದ್ದರು. ನೋಡುವುದನ್ನು ನಾವೂ ನೋಡುತ್ತಿದ್ದೆವು. ಚನ್ನಬಸಪ್ಪ ಸರ್ ಯಾರಿಗೂ ಕೆಟ್ಟ ಸುದ್ದಿ ಹೇಳಿದವರಲ್ಲ. ಯಾರನ್ನು ಉಳಿಸಿಕೊಳ್ಳಬೇಕೆಂದು ಅವರು ಯಂತ್ರವನ್ನೇ ಕೇಳಿದ್ದರಂತೆ, ಮಂಜುನಾಥ ಆಮೇಲೆ ಹೇಳಿದ. ಅದು ನಮ್ಮಿಬ್ಬರ ಗುಣಗಳನ್ನೂ ತೂಗಿ, "ಈ ನಿರ್ಧಾರವನ್ನು ಅವರನ್ನು ಹತ್ತಿರದಿಂದ ಬಲ್ಲ ತಾವೇ ಕೈಗೊಳ್ಳುವುದು ಸೂಕ್ತ" ಎಂದಿತಂತೆ. "ಇಷ್ಟ ಮಾತ ಕಲ್ತೈತಿ, ಹೊತ್ತಿಗೆ ಬಂದ್ರ ಜಾರಕೊಂತೈತಿ" ಎಂದು ಸರ್ ಬೈದುಕೊಂಡರಂತೆ. ಕೊನೆಗೆ ತಾವೇ ನಿರ್ಧರಿಸಿ, ಹೇಳುವ ಕೆಲಸವನ್ನು ಮಾತ್ರ ಅದಕ್ಕೇ ಒಪ್ಪಿಸಿದರು.

ಒಂದು ಮುಂಜಾನೆ ರೇಣುಕಾ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದಳು. ಹೊಸ ಸೀರೆ, ಮುಡಿಯಲ್ಲಿ ಅಬ್ಬಲಿಗೆ.

"ಶಬಾನಾ, ನನಗ ಪ್ರಮೋಷನ್ ಆತು! ರಾತ್ರಿ ಮೇಲ್ ಬಂದೈತಿ. ಅವ್ವಗ ಓದಿ ಹೇಳಿದೆ, ಅಕಿ ಅತ್ತಬಿಟ್ಲು. ಹುಬ್ಬಳ್ಳಿಗೆ ಕಳಸ್ತಾರ ಅನಸ್ತೈತಿ."

ಪ್ರತಿಯೊಬ್ಬರ ಮೇಜಿಗೂ ಹೋಗಿ ಪೇಡೆ ಕೊಟ್ಟಳು. ಮಂಜುನಾಥ ನೆಲ ನೋಡುತ್ತ ತಿಂದ. ಸರ್ ಕೋಣೆಗೆ ಹೋಗಿ ಕಾಲು ಮುಟ್ಟಿ ನಮಸ್ಕರಿಸಿ, "ನೀವು ಎರಡ ತಿನ್ನಾಕ ಬೇಕ್ರಿ" ಎಂದಳು. ಸರ್ ಏನೋ ಹೇಳಲು ಬಾಯಿ ತೆರೆದರು. ಆ ತೆರೆದ ಬಾಯಿಗೇ ಅವಳು ಪೇಡೆ ಇಟ್ಟಳು. ಅದನ್ನು ನುಂಗುವುದರೊಳಗೆ ಅವರ ಧೈರ್ಯವೂ ಅದರ ಜೊತೆಗೇ ಇಳಿದುಹೋಯಿತು. ಮಧ್ಯಾಹ್ನವೇ ತಲೆನೋವೆಂದು ಮನೆಗೆ ಹೋದರು.

ಸಂಜೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅವಳು ಆ ಮೇಲನ್ನು ನನಗೆ ಓದಲು ಕೊಟ್ಟಳು. ಎಂಥ ಭಾಷೆ! 'ತಮ್ಮ ಪ್ರತಿಭೆಯ ಪಯಣದಲ್ಲಿ ಹೊಸ ಅಧ್ಯಾಯ ತೆರೆದುಕೊಳ್ಳುವ ಈ ಗಳಿಗೆಯಲ್ಲಿ, ಸಂಕ್ರಾಂತಿಯ ನಂತರ ಸಂಸ್ಥೆಯ ಗಡಿಗಳಾಚೆಗಿನ ವಿಶಾಲ ಅವಕಾಶಗಳನ್ನು ಅಪ್ಪಿಕೊಳ್ಳಲು ತಮ್ಮನ್ನು ಮುಕ್ತಗೊಳಿಸಲು ಹರ್ಷಿಸುತ್ತೇವೆ.' ದಿನವಿಡೀ ಯಂತ್ರದ ಮಾತನ್ನೇ ಓದುವವಳು ನಾನು. 'ಮುಕ್ತಗೊಳಿಸಲು' ಎಂಬಲ್ಲಿ ನನ್ನ ಕಣ್ಣು ನಿಂತಿತು. ನಾನು ಉಳಿದೆನಲ್ಲ ಎಂಬುದು ಮೊದಲು ಹೊಳೆಯಿತು. ಮರುಕ್ಷಣ ಅವಳ ಮುಡಿಯ ಹೂವು ಕಾಣಿಸಿತು.

ದುಂಡಶಿ ಬಸ್ಸು ಬಂದು ನಿಂತಿತ್ತು. ಅವಳು ಎದ್ದಳು. ನಾನು ಅವಳ ಸೆರಗು ಹಿಡಿದು ಎಳೆದೆ.

"ರೇಣುಕಾ, ಕುಂದರು. ಇದು ಪ್ರಮೋಷನ್ ಅಲ್ಲ."

"ಮತ್ತೇನು?"

"ಕೆಲಸದಿಂದ ತಗದಾರ."

ಅವಳು ಮೊಬೈಲು ತೆಗೆದುಕೊಂಡು ಇನ್ನೊಮ್ಮೆ ಓದಿದಳು. ತುಟಿ ಅಲ್ಲಾಡಿಸುತ್ತ, ಒಂದೊಂದೇ ಪದ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೋಯಿತು. "ಹರ್ಷಿಸುತ್ತೇವೆ ಅಂತ ಬರದಾರಲ್ಲ," ಎಂದಳು. ಆಮೇಲೆ ಮೊಬೈಲು ಆರಿಸಿ, "ನಮ್ಮವ್ವ ಓಣಿಗೆಲ್ಲಾ ಹೇಳ್ಯಾಳ," ಎಂದಳು. ಅಳಲಿಲ್ಲ. ಮುಡಿಯಿಂದ ಹೂವು ತೆಗೆದು ಚೀಲದೊಳಗೆ ಹಾಕಿಕೊಂಡಳು. ಮುಂದಿನ ಬಸ್ಸು ಬರುವವರೆಗೆ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ನನ್ನ ಸವಣೂರಿನ ಬಸ್ಸೂ ಹೋಗಿತ್ತು.

ಮರುದಿನ ಅವಳು ನೇರ ಸರ್ ಕೋಣೆಗೆ ಹೋದಳು. ಬಾಗಿಲು ಹಾಕಲಿಲ್ಲ. ನಮಗೆಲ್ಲ ಕೇಳಲಿ ಎಂದೇ ಇರಬೇಕು.

"ಸರ್ರ, ನಿನ್ನೆ ಪೇಡೆ ತಿಂದ್ರಿ. ಗಂಟಲದಾಗ ಹೆಂಗ ಇಳೀತ್ರಿ?"

"ಇಳೀಲಿಲ್ಲವಾ. ಇನ್ನೂ ಇಲ್ಲೇ ಕುಂತೈತಿ," ಎಂದು ಸರ್ ಎದೆ ತೋರಿಸಿದರು.

"ಆ ಮೇಲ್‌ನ್ಯಾಗ ಏನ ಬರದೈತಿ, ಅದನ್ನ ನಿಮ್ಮ ಬಾಯಿಲೆ ಹೇಳ್ರಿ. ನಮ್ಮ ಮಾತಿನ್ಯಾಗ ಹೇಳ್ರಿ."

ಸರ್ ನೀರು ಕುಡಿದರು. ಕನ್ನಡಕ ತೆಗೆದರು, ಹಾಕಿಕೊಂಡರು. "ಫೋನ್ ಕಡಿಮಿ ಆಗ್ಯಾವ ರೇಣುಕಾ. ಇಬ್ಬರಿಗೆ ಆಗೂವಷ್ಟ ಕೆಲಸಾ ಇಲ್ಲ. ಶಬಾನಾ ಮಷಿನ್ ತಿದ್ದೂದು ಕಲ್ತಾಳ. ನೀ ಕಲೀಲಿಲ್ಲ. ಅದಕ್ಕ ಅಕಿನ್ನ ಇಟಗೊಂಡು ನಿನ್ನ ಬಿಡಾಕತ್ತೇನಿ."

ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಅವರು ಬೆವೆತಿದ್ದರು. ರೇಣುಕಾ ತಲೆಯಾಡಿಸಿದಳು.

"ಅದು ಖರೇ ಐತ್ರಿ. ನನಗ ಅದರ ಜೋಡಿ ಮನಸ್ಸ ಕೂಡಲಿಲ್ಲ. ಎಷ್ಟ ಬೈದ್ರೂ ಸಿಟ್ಟ ಆಗಂಗಿಲ್ಲ, ನಗಂಗಿಲ್ಲ. ಅದಕ್ಕೇನ ಬೈಯೂದು?"

"ಇನ್ನೊಂದ ಮಾತೈತಿ," ಎಂದರು ಸರ್. "ಹಿರೇಕೆರೂರಿನ ಅರ್ಧಾ ಗಿರಾಕಿ ನಮ್ಮ ಕೈ ಬಿಡದ ಇದ್ದದ್ದು ನಿನ್ನ ಬೈಗಳಾ ಕೇಳಾಕ. ಆ ಮೇಲ್‌ನ್ಯಾಗ ಅದನ್ನ ಬರದಿಲ್ಲ. ನನಗ ಗೊತ್ತಿತ್ತು, ಅದಕ್ಕ ಗೊತ್ತಿರಲಿಲ್ಲ. ನಾ ಹೇಳಬೇಕಿತ್ತು."

ಆಗ ಅವಳು ಅತ್ತಳು. ಸರ್ ಕೂಡ ಅತ್ತರು. ಮಂಜುನಾಥ ಸದ್ದು ಮಾಡದೆ ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತ. ಅವತ್ತಿನ ಮಧ್ಯಾಹ್ನವೇ ಸರ್ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದ್ದು, ಈಗ ನಮ್ಮಲ್ಲಿ ಮೂವತ್ತು ಮಂದಿ ಆದ ಮೇಲೂ ನಡೆಯುತ್ತಿದೆ: ಕೇಳಿದವರಿಗೆ ನೋವಾಗುವ ಮಾತು ಯಾವುದೇ ಇರಲಿ, ಅದನ್ನು ಯಂತ್ರದ ಕೈಲಿ ಬರೆಸಬಾರದು. ಎದುರಿಗೆ ಕೂತು, ಬಾಯಿಯಿಂದ ಹೇಳಬೇಕು.

ಸಂಕ್ರಾಂತಿಯ ಮೊದಲು ರೇಣುಕಾ ತನ್ನ ಹಳೆಯ ಗಿರಾಕಿಗಳಿಗೆಲ್ಲ ತಾನು ಬಿಡುತ್ತಿರುವ ಸುದ್ದಿ ತಿಳಿಸಿದಳು. ಗದಿಗೆಪ್ಪ ಸಾಹುಕಾರರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ನಮ್ಮ ಅಂಗಡ್ಯಾಗ ಕಂಪ್ಯೂಟರ್ ಮುಂದ ಕುಂದರಾಕ ಯಾರೂ ಇಲ್ಲವಾ, ಬಾ" ಎಂದರು. ಅವಳ ಅಕ್ಕನನ್ನು ಹಿರೇಕೆರೂರಿಗೇ ಕೊಟ್ಟಿದ್ದರು. ಅಕ್ಕನ ಮನೆಯಲ್ಲಿ ಇರುವುದೆಂದಾಯಿತು. ಅವಳು ಹೊರಟ ದಿನ ನಾನು ಬಸ್ಸಿನ ಕಿಟಕಿಯಿಂದ ಸವಣೂರಿನ ಖಾರಾದ ಪೊಟ್ಟಣ ಕೊಟ್ಟೆ. "ಬೈಯೂದ ಬಿಡಬ್ಯಾಡ" ಎಂದೆ. "ಬಿಡ್ತೇನೇನ?" ಎಂದಳು.

ಬಿಡಲಿಲ್ಲ. ಒಂದು ವಾರದೊಳಗೆ ಹಿರೇಕೆರೂರಿನಿಂದ ಫೋನ್ ಬಂತು.

"ಹಲೋ, ನಾ ಗಿರಾಕಿ ಮಾತಾಡಾಕತ್ತೇನಿ. ಏನ್ರಿ ಇದು ನಿಮ್ಮ ಪ್ರೋಗ್ರಾಂ? ಗಂಟಿಗೊಮ್ಮೆ ಕುಂದರತೈತಿ. ನೀವೇನ ಅಲ್ಲೆ ನಿದ್ದಿ ಮಾಡಾಕತ್ತೀರೇನು?"

"ಕ್ಷಮಿಸ್ರಿ ಮೇಡಂ," ಎಂದೆ, ನಗೆ ತಡೆದುಕೊಂಡು. "ತಮ್ಮ ಸಮಸ್ಯೆ ಏನು, ಹೇಳ್ರಿ."

ಸಮಸ್ಯೆ ಸಣ್ಣದು, ಬೇಗ ಮುಗಿಯಿತು. ಫೋನ್ ಇಡುವ ಹೊತ್ತಾಯಿತು. ಅವಳು ಇಡಲಿಲ್ಲ, ನಾನೂ ಇಡಲಿಲ್ಲ. ಆ ಕಡೆ ಚೀಲ ಹೊರುವವರ ಕೂಗು, ತಕ್ಕಡಿಯ ಸದ್ದು ಕೇಳುತ್ತಿತ್ತು.

"ಊಟಾ ಆತೇನ?" ಎಂದಳು.

"ಇಲ್ಲ. ಈಗ ಮಾಡಬೇಕು."

"ನಂದೂ ಆಗಿಲ್ಲ. ಇಲ್ಲೆ ಎಲ್ಲಾರೂ ಗಂಡಸರ ಅದಾರ, ಒಬ್ಬಾಕಿನ ಉಣ್ಣಾಕ ಮನಸ್ಸ ಬರಾಂಗಿಲ್ಲ. ಡಬ್ಬಿ ತಗೀ."

ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ನನ್ನ ಡಬ್ಬಿ ತೆಗೆದೆ. ಆ ಕಡೆ ಅವಳ ಡಬ್ಬ ತೆರೆದ ಸದ್ದು ಕೇಳಿಸಿತು. ನನ್ನದು ಚಪಾತಿ, ಆಲೂಗಡ್ಡೆ. ಅವಳದು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಅಕ್ಕನ ಅತ್ತೆಯ ವಿಷಯ ಬಂತು, ಸಾಹುಕಾರರ ಗೊರಕೆಯ ವಿಷಯ ಬಂತು. ಸರ್ ಯಾವಾಗ ಬಂದು ನನ್ನ ಹಿಂದೆ ನಿಂತರೋ ಗೊತ್ತಾಗಲಿಲ್ಲ.

"ಯಾವ ಗಿರಾಕಿ? ಇಷ್ಟೊತ್ತನಾ ಫೋನ್ ನಡದೈತಿ?"

ಬಾಯಲ್ಲಿದ್ದ ತುತ್ತು ನುಂಗಿ ಹೇಳಿದೆ: "ಹಿರೇಕೆರೂರ್ರಿ ಸರ್. ಗದಿಗೆಪ್ಪ ಸಾವ್ಕಾರ್ರ ಅಂಗಡಿ. ಸ್ವಲ್ಪ ದೊಡ್ಡ ಸಮಸ್ಯೆನ ಐತ್ರಿ."

ಫೋನಿನೊಳಗಿಂದ ದನಿ ಬಂತು: "ಸರ್ರ, ಎಣ್ಣಿಗಾಯಿ ಐತ್ರಿ. ಬರ್ರಿ, ಕುಂದರ್ರಿ."

ಸರ್ ಅತ್ತಿತ್ತ ನೋಡಿದರು. ಆಮೇಲೆ ತಮ್ಮ ಕೋಣೆಗೆ ಹೋಗಿ ಡಬ್ಬಿ ತಂದು, ಖಾಲಿ ಇದ್ದ ಆ ಎರಡನೆಯ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು ಕೂತರು.